ಏಲಕ್ಕಿ ಡ್ರೈಯರ್‌ಗೆ ನೈಟಿನಾಲ್ ಸ್ಪ್ರಿಂಗ್: ನನ್ನ ಅನುಭವ

ಏಲಕ್ಕಿಯ ಹಸಿರು ಉಳಿಯಬೇಕಾದರೆ ಡ್ರೈಯರ್‌ನ ಬಿಸಿ 50 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕೆಂಬುದನ್ನು ಕೊಡಗಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಮವಾರಪೇಟೆ ಕಡೆಯ ನಮ್ಮ ಸೌದೆ ಡ್ರೈಯರ್‌ಗೆ ಹಾಕಿಸಿದ್ದ ಮೋಟಾರು, ಥರ್ಮೋಸ್ಟಾಟು ಎರಡೂ ಒಂದೇ ಸಿಡಿಲಿಗೆ ಸುಟ್ಟು ಎಂಟೊಂಬತ್ತು ಸಾವಿರ ರೂಪಾಯಿ ಕೈಬಿಟ್ಟ ಮೇಲೆ, ಮಾಡಿನ ಗಾಳಿಬಾಗಿಲನ್ನು ಕರೆಂಟಿನ ಹಂಗಿಲ್ಲದೆ ತೆರೆದು ಮುಚ್ಚಲು ನೈಟಿನಾಲ್ ಎಂಬ ನಿಕ್ಕಲ್–ಟೈಟಾನಿಯಂ ತಂತಿಯ ಸ್ಪ್ರಿಂಗನ್ನು ಕಟ್ಟಲು ಹೊರಟೆ. ತಣ್ಣಗಿದ್ದಾಗ ಎಳೆದರೂ ಬಿಸಿಯಾದೊಡನೆ ಕುಲುಮೆಯಲ್ಲಿ ಕಲಿಸಿದ ಆಕಾರಕ್ಕೆ ಮರಳುವ ತಂತಿಯಿದು. ಹಲ್ಲಿಗೆ ಕಟ್ಟುವ ತಂತಿ ಡ್ರೈಯರ್ ಕಾಯುತ್ತದೆಯೇ ಎಂದು ನಕ್ಕವರೇ ಹೆಚ್ಚು.

ನಾಲ್ಕಾರು ಮೀಟರ್ ತಂತಿಗೇ ಸುಮಾರು ಆರು ಸಾವಿರವಾಯಿತು. 500 ಡಿಗ್ರಿಯಲ್ಲಿ ಕಾಯಿಸಿ ನೀರಿಗೆ ಅದ್ದಿ ಹದಗೊಳಿಸಿದ ಸ್ಪ್ರಿಂಗು 55ರ ಹೊತ್ತಿಗೆ ಬಾಗಿಲನ್ನು ಚೆನ್ನಾಗಿಯೇ ಎತ್ತಿತು. ಆದರೆ ಮತ್ತೆ ಮುಚ್ಚಲು ಒಳಗಿನ ಬಿಸಿ 30ರ ಹತ್ತಿರಕ್ಕೆ ಇಳಿಯಬೇಕಾಗುತ್ತಿತ್ತು, ಅಷ್ಟರಲ್ಲಿ ತಟ್ಟೆಯ ಏಲಕ್ಕಿ ಬೆವರಿ ಒಂದು ಲಾಟು ಪೂರ್ತಿ ಬಣ್ಣಗೆಟ್ಟಿತು. ಬಾಗಿಲನ್ನು ಮತ್ತೆ ಮುಚ್ಚಲು ಎದುರಿನಿಂದ ಎಳೆಯುವ ಉಕ್ಕಿನ ಸ್ಪ್ರಿಂಗನ್ನು ಬಿಗಿ ಮಾಡಿದಷ್ಟೂ ತೆರೆಯುವ ಮತ್ತು ಮುಚ್ಚುವ ಉಷ್ಣತೆಗಳು ಜೊತೆಯಾಗಿಯೇ ಮೇಲೇರಿದವೇ ಹೊರತು ನಡುವಿನ ಅಂತರ ಕುಗ್ಗಲಿಲ್ಲ. ಬೇರೆ ಸುರುಳಿ ತರಿಸಿದರೆ ಅದರ ನಡತೆಯೇ ಬೇರೆ. ನಿಕ್ಕಲ್ಲಿನ ಪಾಲು ಶೇಕಡಾ 0.1ರಷ್ಟು ಹೆಚ್ಚಾದರೂ ಆಕಾರ ಬದಲಿಸುವ ಉಷ್ಣತೆ ಸುಮಾರು ಹತ್ತು ಡಿಗ್ರಿ ಕೆಳಗಿಳಿಯುವ ಲೋಹವಿದು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ತಂತಿಯ ಈ ಅಂತರದ ಗುಣವನ್ನು ನಾನು ಸುಟ್ಟೇ ಕಳೆದೆ. ತಣ್ಣಗೆ ಎಳೆದ ತಂತಿಯನ್ನು 400ರಿಂದ 450 ಡಿಗ್ರಿಯೊಳಗೆ ಹದಗೊಳಿಸಿದರೆ ಅದು ತಣ್ಣಗಾದಾಗ ಮಾರ್ಟೆನ್ಸೈಟ್ ಎಂಬ ಮೆತ್ತನೆಯ ಹರಳು ರಚನೆಗೆ ಪೂರ್ತಿ ಇಳಿಯದೆ ಆರ್-ಫೇಸ್ ಎಂಬ ನಡುವಿನ ರಚನೆಯಲ್ಲೇ ಆಡುತ್ತದೆ, ಅಂತರ ಮೂರ್ನಾಲ್ಕು ಡಿಗ್ರಿಗೆ ಬರುತ್ತದೆ. ಆದರೆ ಎಳೆತ ಶೇಕಡಾ 1ರ ಒಳಗಿರಬೇಕು, ಚಲನೆ ತೀರ ಕಡಿಮೆ. ಆದ್ದರಿಂದ ಉದ್ದನೆಯ ಸನ್ನೆಕೋಲು ಜೋಡಿಸಿ ಬೆರಳಗಲದ ಎಳೆತವನ್ನು ಗೇಣುದ್ದದ ತೆರಪಾಗಿಸಿದೆ. ಸ್ಪ್ರಿಂಗಿಗೆ ತೂಕ ಕಟ್ಟಿ ಸ್ಟೀಲ್ ಲೋಟದ ನೀರಿನಲ್ಲಿ ಇಳಿಬಿಟ್ಟು, ಬಿಸಿ ನೀರು ಬೆರೆಸುತ್ತ ಥರ್ಮಾಮೀಟರ್ ನೋಡಿದರೆ 51ಕ್ಕೆ ಮುದುಡಿಕೊಳ್ಳುವುದು, 48ಕ್ಕೆ ಸಡಿಲವಾಗುವುದು ಕಣ್ಣೆದುರಿಗೇ ಕಾಣುತ್ತದೆ. ಕುಲುಮೆಯಲ್ಲಿ ಎಷ್ಟು ಹೊತ್ತು, ಅಚ್ಚಿಗೆ ಯಾವ ಬಿಗಿ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ತೆತ್ತ ತಂತಿ ಸಾಕಷ್ಟಿದೆ.

ಒಲೆಯ ಗಾಳಿಕಿಂಡಿಗೂ ಇಂಥದೇ ಒಂದನ್ನು ಕಟ್ಟಿ ನೋಡಿದೆ. ಕೆಂಡದ ಬಿಸಿ ಹದಗೊಳಿಸಿದ ಉಷ್ಣತೆಯನ್ನೇ ಮೀರಿದ್ದರಿಂದ ಕಲಿಸಿದ್ದೆಲ್ಲ ಮರೆತು ಜೋತುಬಿದ್ದಿತು. ಅಲ್ಲಿ ಈಗಲೂ ಕೈಯೇ ಗತಿ. ಮಾಡಿನ ಸ್ಪ್ರಿಂಗ್ ಜೋಡಿಯಂತೂ ಕಳೆದ ಕೊಯ್ಲಿನುದ್ದಕ್ಕೂ ಒಮ್ಮೆಯೂ ತಪ್ಪಲಿಲ್ಲ. ನಕ್ಕವರಲ್ಲೇ ಒಬ್ಬರು ತಮ್ಮ ಡ್ರೈಯರ್‌ಗೂ ಕೇಳಿದ್ದಾರೆ. ತಂತಿಯ ದುಡ್ಡು ಮುಂಗಡ ಎಂದಿದ್ದೇನೆ.