ಗೋಡಂಬಿ ಮಾತ್ರ ಬಂದ್, ಶೇಂಗಾಕ್ಕೆ ಬಿಡುಗಡೆ

"ಕಾಜು, ಬಾದಾಮಿ, ಪಿಸ್ತಾ, ಅಕ್ರೋಟ, ಶೇಂಗಾ ಎಲ್ಲಾ ಬಂದ್." ಗೋಡಂಬಿ ತಿಂದು ಅಲರ್ಜಿಯಾದ ಮಕ್ಕಳಿಗೆ ಇಂಥ ಚೀಟಿ ನಾನೇ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಗೋವಾದ ವಾಸ್ಕೋದಲ್ಲಿರುವ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಸುಮಾರು ಅರ್ಧ ಜನ ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು. ಅವರ ಮನೆಯಲ್ಲಿ ಶೇಂಗಾ ಬಂದ್ ಅಂದರೆ ಅಡುಗೆಯೇ ಬಂದ್. ಈಗ ಮೂರು ವರ್ಷದಿಂದ ಆ ಚೀಟಿ ಬರೆದಿಲ್ಲ. ರಕ್ತ ಕಳಿಸಿದರೂ ಒಂದು ಬೀಜಕ್ಕೆ ಒಂದೇ ಪ್ರೊಟೀನಿನ ಟೆಸ್ಟ್ ಸಾಕು ಅಂದಾಗ, "ಒಂದು ಪ್ರೊಟೀನ್ ನೋಡಿ ಏನು ಹೇಳ್ತೀಯಾ?" ಎಂದ ಹಿರಿಯ ಡಾಕ್ಟರುಗಳೇ ಈಗ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಕೈಕೊಟ್ಟದ್ದು ಟೆಸ್ಟಿಗೆಂದು ಬಾಟಲಿಯಲ್ಲಿ ಬರುವ ಗೋಡಂಬಿಯ ಸಾರ, ಅಂದರೆ ಎಕ್ಸ್‌ಟ್ರಾಕ್ಟ್. ಕಾಜು ಕತ್ಲಿ ತಿಂದ ಹತ್ತೇ ನಿಮಿಷಕ್ಕೆ ಮೈತುಂಬ ದದ್ದು, ವಾಂತಿ ಆದ ಹುಡುಗಿ. ಅದರ ಹನಿಯಿಟ್ಟು ಚರ್ಮಕ್ಕೆ ಚುಚ್ಚಿ ಎಷ್ಟು ಉಬ್ಬುತ್ತದೆ ಅಂತ ನೋಡುವ ಪ್ರಿಕ್ ಟೆಸ್ಟ್ ಮಾಡಿದರೆ 2 ಮಿ.ಮೀ. ಉಬ್ಬು, ಅಷ್ಟೇ. ಹಸಿ ಗೋಡಂಬಿಗೆ ಲ್ಯಾನ್ಸೆಟ್ ಸೂಜಿ ಚುಚ್ಚಿ ಅದೇ ಮೊನೆಯಿಂದ ಕೈಗೆ ಚುಚ್ಚಿದೆ. 15 ನಿಮಿಷಕ್ಕೆ 9 ಮಿ.ಮೀ. ಆ ಬಾಟಲಿಗಳಿಗೆ ಹಾಕಿದ 12 ಸಾವಿರದಷ್ಟು ಹಣ ನೀರಲ್ಲಿ ಹೋಯಿತು.

ಎರಡನೆಯದು ಎಲ್ಲಾ ಬೀಜಗಳನ್ನೂ ಒಟ್ಟಿಗೆ ನೋಡುವ ದೊಡ್ಡ ರಕ್ತದ ಪ್ಯಾನೆಲ್. ಆಗ 9 ಸಾವಿರವೋ ಏನೋ, ಒಬ್ಬ ಹುಡುಗನ ಅಪ್ಪ ಸಾಲ ಮಾಡಿ ಕಟ್ಟಿದ್ದ. ರಿಪೋರ್ಟಿನಲ್ಲಿ ಎಲ್ಲಾ ಬೀಜವೂ ಪಾಸಿಟಿವ್! ಆ ಹುಡುಗ ಹಿಂದಿನ ದಿನವೇ ಬಾದಾಮಿ ಹಾಲು ಕುಡಿದು ಆರಾಮಾಗಿದ್ದ. ಹೂವಿನ ಪರಾಗದ ಐಜಿಇ (ಅಲರ್ಜಿಯಲ್ಲಿ ರಕ್ತದಲ್ಲಿ ಕಾಣುವ ಪ್ರತಿಕಾಯ), ಗಿಡಗಳ ಪ್ರೊಟೀನಿನ ಮೇಲಿರುವ ಸಕ್ಕರೆ ಸರಪಳಿಗೆ ಅಂಟುವ ಐಜಿಇ ಎಲ್ಲಾ ಸೇರಿ ಬಂದ ಅಂಕಿ ಅದು. ಅದನ್ನು ನಂಬಿ ಮಗುವಿನ ತಟ್ಟೆ ಖಾಲಿ ಮಾಡೋದು ತಪ್ಪು ಅಂತ ಅವತ್ತೇ ಖಾತ್ರಿಯಾಯಿತು.

ಮೂರನೆಯ ತಪ್ಪು ನನ್ನದೇ, ಈಗಲೂ ನೆನಪಾದರೆ ಎದೆ ಝಲ್ಲೆನ್ನುತ್ತದೆ. ಪ್ರಿಕ್ ನೆಗೆಟಿವ್ ಬಂತು ಅಂತ ಖುಷಿಯಲ್ಲಿ ಗೋಡಂಬಿ ತಿನ್ನಿಸಲು ದಿನ ಕೊಟ್ಟೆ. ಆಮೇಲೆ ಕಾಗದ ನೋಡುತ್ತೇನೆ, ಟೆಸ್ಟ್ ಸರಿ ನಡೆದಿದೆಯೇ ಅಂತ ನೋಡಲು ಚುಚ್ಚುವ, ಎಲ್ಲರಿಗೂ ಉಬ್ಬಬೇಕಾದ ಹಿಸ್ಟಮಿನ್ನಿನ ಉಬ್ಬೇ 1 ಮಿ.ಮೀ. ಅಜ್ಜಿ ರಾತ್ರಿ ನೆಗಡಿ ಸಿರಪ್ ಕುಡಿಸಿದ್ದರು. ಅದರಲ್ಲಿ ಅಲರ್ಜಿ ಔಷಧಿ ಇತ್ತು, ಉಬ್ಬನ್ನು ಅಡಗಿಸಿದ್ದು ಅದೇ. ವಾರ ಬಿಟ್ಟು ಮತ್ತೆ ಚುಚ್ಚಿದಾಗ 8 ಮಿ.ಮೀ. ಈಗ ಯಾವುದಾದರೂ ಔಷಧಿ ಕೊಟ್ರಾ ಅಂತ ಕೇಳುವುದಿಲ್ಲ. ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದಾಗಿ ಓದುತ್ತೇನೆ.

ಈಗ ನನ್ನ ದಾರಿ ಇಷ್ಟು. ಏನು ತಿಂದ, ಎಷ್ಟು ಹೊತ್ತಿಗೆ ಏನಾಯಿತು ಅಂತ ಪೂರ್ತಿ ಕೇಳುವುದು. ಹಸಿ ಬೀಜದ ಪ್ರಿಕ್. ಎರಡೂ ತಾಳೆಯಾಗದಿದ್ದರೆ ಮಾತ್ರ ರಕ್ತ ಮುಂಬೈಗೆ. ಅದೂ ಪ್ಯಾನೆಲ್ ಅಲ್ಲ, ಗೋಡಂಬಿಗೆ ಅದರ ಅನಾ ಓ 3 ಎಂಬ ಒಂದೇ ಪ್ರೊಟೀನಿನ ಐಜಿಇ. ಒಂದಕ್ಕೆ 3 ಸಾವಿರದ ಆಸುಪಾಸು. ಅಕ್ರೋಟಕ್ಕೆ ಜಗ್ ಆರ್ 1, ಹೇಜಲ್‌ನಟ್ಟಿಗೆ ಕೋರ್ ಎ 14, ಶೇಂಗಾಕ್ಕೆ ಆರಾ ಎಚ್ 2. ಎಲ್ಲವೂ 2ಎಸ್ ಆಲ್ಬುಮಿನ್ ಎಂಬ ಗುಂಪಿನವು, ಬೀಜ ತನಗಾಗಿ ಕೂಡಿಟ್ಟುಕೊಳ್ಳುವ ಪ್ರೊಟೀನ್‌ಗಳು. ಗೋಡಂಬಿ ಬಂದ್ ಆದರೆ ಪಿಸ್ತಾವೂ ಬಂದ್, ಎರಡರ ಪ್ರೊಟೀನೂ ಹೆಚ್ಚುಕಡಿಮೆ ಒಂದೇ ಥರ. ಅದಕ್ಕೆ ಬೇರೆ ಟೆಸ್ಟಿಗೆ ದುಡ್ಡು ಸುರಿಸುವುದಿಲ್ಲ.

ನೆಗೆಟಿವ್ ಬಂದವರಿಗೆ ನರ್ಸಿಂಗ್ ಹೋಮಿನಲ್ಲಿ ತಿನ್ನಿಸಿ ನೋಡುವುದು. ಜೋರು ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ನನ್ನು ತೂಕ ನೋಡಿ ಸಿರಿಂಜ್‌ಗೆ ಎಳೆದಿಟ್ಟೇ ಶುರು. 20 ಕಿಲೋ ಮಗುವಿಗೆ 0.2 ಮಿ.ಲೀ., ತೊಡೆಗೆ. ಒಂದು ಗೋಡಂಬಿಯಲ್ಲಿ ಕಾಲು ಗ್ರಾಂನಷ್ಟು ಪ್ರೊಟೀನ್. ನಾನು ಅದರ ನೂರನೇ ಒಂದು ಪಾಲಿನಿಂದ ಹಿಡಿದು 20 ನಿಮಿಷಕ್ಕೊಮ್ಮೆ ಮೂರು ಪಟ್ಟು ಏರಿಸುತ್ತೇನೆ. ಮಗುವಿಗೆ ರುಚಿ ಗೊತ್ತಾಗದಂತೆ ಯಾವುದರಲ್ಲಿ ಬೆರೆಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ತಾಯಂದಿರೂ ಓದುತ್ತಾರೆ, ಮನೆಯಲ್ಲಿ ಮಾಡಿಬಿಡುತ್ತಾರೆ. ಡಾಕ್ಟರುಗಳು ಬಂದು ನೋಡಿ, ತೋರಿಸುತ್ತೇನೆ.

ನಡುವೆ ಒಂದು ಪ್ರಯೋಗ. "ಹುರಿದರೆ ಏನಾಗಲ್ಲ" ಅಂತ ಇಲ್ಲಿನ ಕಾಜು ಅಂಗಡಿಯವರೆಲ್ಲ ಹೇಳುತ್ತಾರೆ. ಮೂರು ಮಕ್ಕಳಲ್ಲಿ, ಅಪ್ಪ ಅಮ್ಮನ ಒಪ್ಪಿಗೆ ತಗೊಂಡು, ಹಸಿಯದು, ನೆನೆಸಿದ್ದು, ತುಪ್ಪದಲ್ಲಿ ಹುರಿದದ್ದು ಸಾಲಾಗಿ ಚುಚ್ಚಿದೆ. ಉಬ್ಬಿನಲ್ಲಿ ಒಂದು ಮಿ.ಮೀ. ವ್ಯತ್ಯಾಸವೂ ಇಲ್ಲ. ಗಂಧಕದ ಕೊಂಡಿಗಳಿಂದ ಬಿಗಿದ ಪ್ರೊಟೀನ್ ಅದು, ಬಾಣಲೆಗೂ ಹೊಟ್ಟೆಯ ಆಮ್ಲಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಕಾಜು ಅರೆದು ಹಾಕುವ ಹೋಟೆಲಿನ ಪನೀರ್ ಗ್ರೇವಿಯ ಬಗ್ಗೆ ಹತ್ತು ಸಲ ಹೇಳುತ್ತೇನೆ. ಕಾಜು ಸುಲಿಯುವ ತಾಯಿಯ ಕೈ ಸುಟ್ಟು ಸಿಪ್ಪೆ ಏಳೋದು ಬೇರೆ ಕಥೆ. ಅದು ಸಿಪ್ಪೆಯ ಎಣ್ಣೆಯ ಕೆಲಸ, ಮಗುವಿನ ಅಲರ್ಜಿಗೆ ಸಂಬಂಧವಿಲ್ಲ.

ಇಲ್ಲಿಯವರೆಗೆ ಅರವತ್ತು ಮಕ್ಕಳಾಗಿರಬೇಕು. ನಲವತ್ತರ ಹತ್ತಿರ ಮಕ್ಕಳು ಎಲ್ಲಾ ಬಂದ್ ಅಂತಲೇ ಬಂದವರು. ಅವರಲ್ಲಿ ಬಹಳ ಮಂದಿ ಈಗ ಒಂದೋ ಎರಡೋ ಬೀಜ ಮಾತ್ರ ಬಿಟ್ಟಿದ್ದಾರೆ. ತಿನ್ನಿಸುವಾಗ ಅಡ್ರಿನಲಿನ್ ಕೊಡಬೇಕಾಗಿ ಬಂದದ್ದು ಎರಡು ಸಲ, ಇಬ್ಬರೂ ಸಂಜೆಗೆ ಆಟವಾಡುತ್ತಿದ್ದರು.

ಹೋದ ತಿಂಗಳು ಝುವಾರಿನಗರದ ಒಬ್ಬ ಹುಡುಗ, ಆರು ವರ್ಷ. ಗೋಡಂಬಿ ಪಕ್ಕಾ ಪಾಸಿಟಿವ್, ಆರಾ ಎಚ್ 2 ನೆಗೆಟಿವ್. ಮುಷ್ಟಿ ತುಂಬ ಶೇಂಗಾ ತಿಂದು, ಎರಡು ತಾಸು ಬೆಡ್ಡಿನ ಮೇಲೆ ಕುಣಿದ. ಹೊರಡುವಾಗ ಅವನ ಅವ್ವ ಕೇಳಿದಳು, "ಡಾಕ್ಟ್ರ, ಹಂಗಾರ ಇವತ್ತ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಲೇನ್ರಿ?"

"ಹಚ್ಚವ್ವ, ದಿನಾ ಹಚ್ಚು" ಅಂದೆ.