ಪೆಟ್ರೋಲ್ ಬಂಕ್ ಪಕ್ಕದ ಬಾವಿಯಿಂದ ನೀರು ಹಿಡಿಯುವುದು

ಇಂಡಿಯಿಂದ ಬೋರ್‌ವೆಲ್ ಲಾರಿ ಹತ್ತಿ ಪುಣೆಗೆ ಬಂದವನು ನಾನು. ಈಗ ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕಿನ ಸುತ್ತ ಕೊರೆದ ಸಣ್ಣ ಬಾವಿಗಳ ನೀರು ಹಿಡಿದು, ಪೆಟ್ರೋಲ್ ಸೋರಿದೆಯಾ ಅಂತ ನೋಡಲು ಲ್ಯಾಬಿಗೆ ಕೊಡುತ್ತೇನೆ. ಜೊತೆಗೆ ಬರುವ ಹುಡುಗರಲ್ಲಿ ಅರ್ಧ ಜನ ವಿಜಯಪುರ, ಕಲಬುರಗಿ ಕಡೆಯವರು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಬಾವಿ ಕನಿಷ್ಠ ಮೂರು ಬೇಕು, ಅವು ಒಂದೇ ಗೆರೆಯಲ್ಲಿ ಇರಬಾರದು. ಮೂರರ ನೀರಿನ ಮಟ್ಟ ಹೋಲಿಸಿದರೆ ನೀರು ಯಾವ ಕಡೆ ಹರಿಯುತ್ತಿದೆ ಅಂತ ಅಂದಾಜು ಸಿಗುತ್ತದೆ. ಅಂದಾಜು ಅಷ್ಟೇ. ಇಲ್ಲಿ ಮೇಲೆ ಮುರುಮ, ಕೆಳಗೆ ಕರಿಕಲ್ಲು. ನೀರು ಬಿರುಕು ಹಿಡಿದು ಹೋಗುತ್ತದೆ. ನಕ್ಷೆ ಪೂರ್ವ ಅಂತ ತೋರಿಸಿದರೂ ದಕ್ಷಿಣದ ಸೊಸೈಟಿಯ ಬೋರ್‌ವೆಲ್ ವಾಸನೆ ಹೊಡೆಯಬಹುದು.

ಪೆಟ್ರೋಲ್ ಸಾರಿನ ಮೇಲಿನ ಎಣ್ಣೆಯ ಹಾಗೆ ತೇಲುತ್ತದೆ. ಹಾಗಾಗಿ ಬಾವಿಗೆ ಇಳಿಸಿದ ಪೈಪಿನಲ್ಲಿ ತೂತು ಇರುವ ಭಾಗ ಮೇ ತಿಂಗಳ ನೀರಿನ ಮಟ್ಟದಿಂದ ಸೆಪ್ಟೆಂಬರ್ ಮಟ್ಟದವರೆಗೂ ಇರಬೇಕು. ಮಳೆಗಾಲದಲ್ಲಿ ನೀರು ತೂತುಗಳನ್ನು ದಾಟಿ ಮೇಲೆ ಬಂದರೆ ಪೆಟ್ರೋಲ್ ಪೈಪಿನ ಹೊರಗೇ ತೇಲುತ್ತದೆ, ಒಳಗೆ ಬರುವುದೇ ಇಲ್ಲ. ‘ಬಾವಿ ಕ್ಲೀನ್’ ಅಂತ ಬರೆದು ಬಂದಿರುತ್ತೇವೆ. ಬೇಸಿಗೆಯಲ್ಲಿ ನೋಡಿದರೆ ಅದೇ ಬಾವಿಯಲ್ಲಿ ನಾಲ್ಕು ಬೆರಳು ಪೆಟ್ರೋಲ್!

ಮುಚ್ಚಳ ತೆಗೆದಾಗ ಮೂಗು ಒಳಗೆ ಇಡಬೇಡಿ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. ಗಾಳಿ ಬೆನ್ನಿಗೆ ಬೀಸುವ ಹಾಗೆ ನಿಲ್ಲಿ. ಆಮೇಲೆ ಎಣ್ಣೆ ಎಲ್ಲಿ, ನೀರು ಎಲ್ಲಿ ಅಂತ ಕೂಗಿ ಹೇಳುವ ಇಂಟರ್‌ಫೇಸ್ ಮೀಟರ್ ನಿಧಾನ ಇಳಿಸಿ. ನಮ್ಮದು ಎಣ್ಣೆ ತಾಗಿದರೆ ಒಂದೇ ಸಮ ಕೂಗುತ್ತದೆ, ನೀರು ತಾಗಿದರೆ ಬಿಟ್ಟು ಬಿಟ್ಟು ಕೂಗುತ್ತದೆ. ಪೈಪಿನ ಅಂಚಿನಲ್ಲಿ ಗುರುತು ಮಾಡಿ, ಪ್ರತಿ ಸಲ ಅಲ್ಲಿಂದಲೇ ಅಳೆಯಿರಿ. ಮೇಲೆ 10 ಸೆಂಟಿಮೀಟರ್ ಪೆಟ್ರೋಲ್ ಇದ್ದರೆ ಅದರ ಭಾರಕ್ಕೆ ನೀರು ಸುಮಾರು 7.4 ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ. ಹರಿವಿನ ದಿಕ್ಕು ಲೆಕ್ಕ ಹಾಕುವಾಗ ಅದನ್ನು ವಾಪಸ್ ಕೂಡಿಸಿ. ಇಂಥ ಬಾವಿಯಿಂದ ಬಾಟ್ಲಿ ತುಂಬಬೇಡಿ, ತೇಲುವ ಪೆಟ್ರೋಲ್ ಎಷ್ಟು ದಪ್ಪ ಅಂತ ಬರೆದುಕೊಂಡರೆ ಸಾಕು.

ಪೆಟ್ರೋಲ್ ತೇಲದ ಬಾವಿಯಲ್ಲಿ ನಿಂತ ನೀರನ್ನು ಮೊದಲು ಎತ್ತಿ ಹಾಕಬೇಕು. ಎರಡು ಇಂಚಿನ ಪೈಪಿನಲ್ಲಿ ಮೀಟರಿಗೆ 2 ಲೀಟರ್ ನೀರು ಹಿಡಿಯುತ್ತದೆ. 8 ಮೀಟರ್ ನೀರಿದ್ದರೆ 16 ಲೀಟರ್, ಅದರ ಮೂರು ಪಟ್ಟು, ಅಂದರೆ 48 ಲೀಟರ್ ಎತ್ತಬೇಕು. ಅದನ್ನು ಗಟಾರಿಗೆ ಸುರಿಯುವಂತಿಲ್ಲ, ಡ್ರಮ್ಮಿಗೆ ತುಂಬಿ.

ಬಾಟ್ಲಿ 40 ಎಂಎಲ್ ಗಾಜಿನದು, ಒಳಗೆ ಎರಡು ಹನಿ ಆಮ್ಲ ಮೊದಲೇ ಇರುತ್ತದೆ. ತೊಳೆಯಬೇಡಿ, ಉಕ್ಕಿಸಬೇಡಿ. ಬಾಯಿಯ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ಹಾಕಿ, ತಲೆಕೆಳಗೆ ಮಾಡಿ ತಟ್ಟಿ. ಗುಳ್ಳೆ ಕಂಡರೆ ಇನ್ನೊಂದು ಬಾಟ್ಲಿ ತೆಗೆದುಕೊಳ್ಳಿ, ಬೆಂಜೀನ್ ಆ ಗುಳ್ಳೆಗೇ ಹಾರಿಹೋಗುತ್ತದೆ. ಕೆಲವು ಬಾವಿಗಳ ನೀರು ಎಷ್ಟು ಗಡಸು ಅಂದರೆ ಆಮ್ಲಕ್ಕೆ ಬಿದ್ದೊಡನೆ ಸೋಡಾದ ಹಾಗೆ ನೊರೆ ಬರುತ್ತದೆ. ಅಲ್ಲಿ ಆಮ್ಲವಿಲ್ಲದ ಬಾಟ್ಲಿ ಬಳಸಿ. ಆಗ 14 ದಿನದ ಬದಲು 7 ದಿನದೊಳಗೆ ಪರೀಕ್ಷೆ ಆಗಬೇಕು. ಎರಡನ್ನೂ ಐಸ್ ಡಬ್ಬಿಯಲ್ಲೇ ಇಡಿ.

ಮೊದಲು ಸ್ವಚ್ಛ ಬಾವಿ, ಕೊನೆಗೆ ಹೊಲಸು ಬಾವಿ. ಪ್ರತಿ ಬಾವಿಗೂ ಹೊಸ ಕೈಗವಸು.

ಇನ್ನು ನನ್ನದೇ ಒಂದು ಎಡವಟ್ಟು. ಮೊದಲ ವರ್ಷ ಪುಣೆ ಹತ್ತಿರದ ಭೋಸರಿಗೆ ಹೋದಾಗ ಟೆಂಪೋದಲ್ಲಿ ಐಸ್ ಡಬ್ಬಿ ಪಕ್ಕ ಜನರೇಟರಿನ ಪೆಟ್ರೋಲ್ ಕ್ಯಾನ್ ಇಟ್ಟಿದ್ದೆ. ದಾರಿಯಲ್ಲಿ ಜನರೇಟರಿಗೆ ಪೆಟ್ರೋಲ್ ಹಾಕಿ, ಅದೇ ಕೈಯಲ್ಲಿ ಬಾಟ್ಲಿ ಮುಟ್ಟಿದ್ದೆ. ಲ್ಯಾಬಿನಿಂದಲೇ ಶುದ್ಧ ನೀರು ತುಂಬಿ ಕಳಿಸಿದ ಒಂದು ಬಾಟ್ಲಿ ಇರುತ್ತದಲ್ಲ, ಟ್ರಿಪ್ ಬ್ಲ್ಯಾಂಕ್, ಅದರಲ್ಲೂ ಬೆಂಜೀನ್ ಬಂತು. ಇಡೀ ದಿನದ ಕೆಲಸ ಹಾಳು, ಬಾಟ್ಲಿಗಳ ದುಡ್ಡು ಬೇರೆ. ಈಗ ಕ್ಯಾನ್ ಬೇರೆ ಗಾಡಿಯಲ್ಲಿ ಬರುತ್ತದೆ. ಡ್ರೈವರ್ ಗೊಣಗುತ್ತಾನೆ, ಗೊಣಗಲಿ.

ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ವರದಿ ಬಂದಾಗ ನಾನು ಬಾವಿಗಳ ಅಂಕಿ ಮೊದಲು ನೋಡುವುದಿಲ್ಲ. ಟ್ರಿಪ್ ಬ್ಲ್ಯಾಂಕಿನ ಸಾಲು ಹುಡುಕುತ್ತೇನೆ. ಅಲ್ಲಿ ಏನೂ ಇಲ್ಲ ಅಂತ ಇದ್ದರೆ ಮಾತ್ರ ಮುಂದಿನ ಪುಟ.