ಉರಿಮೂತ್ರ: ಕಲ್ಚರ್ ಪರೀಕ್ಷೆಗೆ ಮೂತ್ರ ಹಿಡಿಯುವ ಸರಿಯಾದ ಕ್ರಮ

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆ ಉರಿಮೂತ್ರ ಕಾಣಿಸಿಕೊಂಡರೆ ‘ಉಷ್ಣ ಆಗಿದೆ’ ಎಂದು ಎಳನೀರನ್ನೋ ಮುರುಗಲ ಪಾನಕವನ್ನೋ ಕುಡಿದು ಎರಡು ದಿನ ನೋಡುವುದು ರೂಢಿ. ಬೆವರು ಸುರಿದು ಮೂತ್ರ ಗಾಢವಾದಾಗ ಉರಿಯುವುದು ನಿಜ. ಆದರೆ ನೀರು ಕುಡಿದರೂ ಉರಿ ತಗ್ಗದೆ, ಮತ್ತೆ ಮತ್ತೆ ಅವಸರವಾಗಿ ನಾಲ್ಕು ಹನಿಯಷ್ಟೇ ಬರುತ್ತಿದ್ದರೆ, ಕೆಳಹೊಟ್ಟೆ ನೋಯುತ್ತಿದ್ದರೆ ಮೂತ್ರಕೋಶದ ಸೋಂಕನ್ನು ಶಂಕಿಸಬೇಕು. ಬಹುಪಾಲು ಸೋಂಕಿಗೆ ಕಾರಣ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ, ಗಂಡಸರದು 20 ಸೆಂ.ಮೀ.ನಷ್ಟು, ಹೆಂಗಸರಲ್ಲಿ ಈ ಸೋಂಕು ಹೆಚ್ಚಾಗಲು ಇದೊಂದು ಮುಖ್ಯ ಕಾರಣ.

ಮೊದಲನೆಯದಾಗಿ, ವೈದ್ಯರು ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಬರೆದುಕೊಟ್ಟಿದ್ದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮುನ್ನವೇ ಮೂತ್ರ ಕೊಡಬೇಕು. ಮನೆಯಲ್ಲಿ ಉಳಿದ ಹಳೆಯ ಗುಳಿಗೆಯನ್ನು ಒಂದೇ ಒಂದು ನುಂಗಿದರೂ ಬ್ಯಾಕ್ಟೀರಿಯಾ ಬೆಳೆಯದೆ, ಸೋಂಕಿದ್ದೂ ಇಲ್ಲವೆಂಬ ವರದಿ ಬರಬಹುದು.

ಕೈತೊಳೆದು, ಪ್ರಯೋಗಾಲಯದವರು ಕೊಟ್ಟ ಸ್ಟೆರೈಲ್ (ರೋಗಾಣುರಹಿತ) ಡಬ್ಬಿಯನ್ನೇ ಬಳಸಬೇಕು. ಮನೆಯ ಬಾಟಲಿಯನ್ನು ಎಷ್ಟು ತೊಳೆದರೂ ಆಗದು. ಹೆಂಗಸರು ಮುಂದಿನಿಂದ ಹಿಂದಕ್ಕೆ ನೀರಿನಿಂದ ಸ್ವಚ್ಛಗೊಳಿಸಿಕೊಳ್ಳಬೇಕು, ಗಂಡಸರು ಮುಂದೊಗಲನ್ನು ಹಿಂದೆ ಸರಿಸಿ ತೊಳೆಯಬೇಕು. ಮೊದಲ ಧಾರೆಯನ್ನು ಹೊರಗೆ ಬಿಟ್ಟು, ನಡುವಿನದನ್ನು ಮಾತ್ರ ಡಬ್ಬಿಗೆ ಹಿಡಿಯಬೇಕು. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾದರಿ ಕೆಡುವುದು ಬಹಳ ಮಟ್ಟಿಗೆ ಇದರ ನಂತರದ ಹಂತದಲ್ಲಿ ಎಂಬುದು ನನ್ನ ಭಾವನೆ. ಶಿರಸಿ, ಸಿದ್ದಾಪುರದ ಒಳಹಳ್ಳಿಯಿಂದ ಬೆಳಿಗ್ಗೆ ಹಿಡಿದ ಮೂತ್ರ ಬಸ್ಸು ಕಾದು ಪೇಟೆ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಅನುಕೂಲ ವಾತಾವರಣದಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಚರ್ಮದಿಂದ ಬಂದು ಸೇರಿದ ಹತ್ತಾರು ಬ್ಯಾಕ್ಟೀರಿಯಾಗಳೂ ಬಿಸಿಲಿನ ಚೀಲದಲ್ಲಿ ದೊಡ್ಡ ಸೋಂಕಿನಂತೆ ತೋರಬಹುದು. ಆದ್ದರಿಂದ ಸಾಧ್ಯವಾದಷ್ಟು ಪ್ರಯೋಗಾಲಯದಲ್ಲೇ ಮೂತ್ರ ಹಿಡಿಯುವುದು ಒಳ್ಳೆಯದು. ಆಗದಿದ್ದರೆ ಎರಡು ತಾಸಿನೊಳಗೆ ತಲುಪಿಸಬೇಕು, ತಡವಾಗುವುದಾದರೆ ಫ್ರಿಜ್ಜಿನಲ್ಲಿಟ್ಟು ಮಂಜುಗಡ್ಡೆಯೊಂದಿಗೆ ಒಯ್ಯಬೇಕು.

ವರದಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಒಂದು ಮಿಲಿಲೀಟರಿಗೆ 1 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದರೆ ಸೋಂಕು ಎಂಬುದು ಹಳೆಯ ಅಳತೆಗೋಲು. ಲಕ್ಷಣವಿರುವವರಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ವೈದ್ಯರು ಸೋಂಕೆಂದು ಪರಿಗಣಿಸಬಹುದು. ಉರಿ, ಅವಸರ ಯಾವುದೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ, ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಶಸ್ತ್ರಚಿಕಿತ್ಸೆಗೆ ಹೊರಟವರನ್ನು ಬಿಟ್ಟು, ಹೆಚ್ಚಿನವರಿಗೆ ಔಷಧ ಬೇಕಿಲ್ಲ. ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾದಾಗಲೂ ಮತ್ತೆ ಮತ್ತೆ ಅವಸರವಾಗುವಂಥ ತೊಂದರೆಗಳು ಕಾಣುವುದರಿಂದ ಅವರು ಅದನ್ನೂ ತೋರಿಸಿಕೊಳ್ಳಬೇಕು.

ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಅಥವಾ ಮೂತ್ರ ಕಟ್ಟಿದರೆ ವರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.